ಆಗಸ್ಟಾ ನ್ಯಾಷನಲ್: ಸದಸ್ಯರಿಲ್ಲದೆ ಸೊರಗಿದ ಕ್ಲಬ್ಬು, ಟೂರ್ನಿಯಿಂದ ಬೆಳೆದ ಮೈದಾನ

ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಟೂರ್ನಿ ಶುರುವಾಯಿತೆಂದರೆ ಟಿವಿಯಲ್ಲಿ ಅದೇ ಮೈದಾನ, ಅದೇ ಕಣ್ಣು ಕುಕ್ಕುವ ಹಸಿರು, ಅದೇ ಬೆಳ್ಳನೆಯ ಮರಳು, ಪೈನ್ ಮರಗಳ ಬುಡದಲ್ಲಿ ಅದೇ ಅಜೇಲಿಯಾ ಹೂ. ಪುರುಷರ ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ವರ್ಷವರ್ಷವೂ ಒಂದೇ ಜಾಗದಲ್ಲಿ ನಡೆಯುವುದು ಇದೊಂದೇ. ಹಾಗಾಗಿ ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್ಬು ಹುಟ್ಟಿದಾಗ ಹೇಗಿತ್ತೋ ಈಗಲೂ ಹಾಗೇ ಇದೆ ಎಂದು ಬಹಳ ಜನ ನಂಬಿದ್ದಾರೆ. ನಿಜ ಬೇರೆ. ಈ ಮೈದಾನದಲ್ಲಿ ಕೈಯಾಡಿಸದೆ ಬಿಟ್ಟ ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಿಸುವ ಕುಳಿಯವರೆಗಿನ ಪಟ್ಟಿ, ಒಂದೂ ಇಲ್ಲ. ಕ್ಲಬ್ಬು ಶುರುಮಾಡುವಾಗ ಹಾಕಿಕೊಂಡಿದ್ದ ಲೆಕ್ಕಾಚಾರವಂತೂ ಮೊದಲ ಎರಡು ವರ್ಷದಲ್ಲೇ ನೆಲಕಚ್ಚಿತ್ತು. ಕ್ಲಬ್ಬಿನತ್ತ ಜನರ ಗಮನ ಸೆಳೆಯಲು ಟೂರ್ನಿ ಬಂತು. ಟೂರ್ನಿಯ ಕಾರಣಕ್ಕೆ ಮೈದಾನ ಮತ್ತೆ ಮತ್ತೆ ಬದಲಾಯಿತು. ಇಲ್ಲಿನ ಬಹುಪಾಲು ವಿಚಿತ್ರಗಳಿಗೆ ಕಾರಣ ಈ ಹಗ್ಗಜಗ್ಗಾಟದಲ್ಲೇ ಇದೆ.

ಖಾಸಗಿ ಕ್ಲಬ್ಬು ನಡೆಯುವ ಬಗೆ

ಅಮೆರಿಕದ ಕಂಟ್ರಿ ಕ್ಲಬ್ಬುಗಳಿಗೆ ಮಾದರಿಯಾದದ್ದು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ 1882ರಲ್ಲಿ ಶುರುವಾದ ‘ದ ಕಂಟ್ರಿ ಕ್ಲಬ್’. ಅದು ಗಾಲ್ಫಿಗಾಗಿ ಹುಟ್ಟಿದ್ದಲ್ಲ. ಕುದುರೆ ಸವಾರಿ, ರೇಸು, ಊಟ, ಹರಟೆಗೆಂದು ನಗರದ ಶ್ರೀಮಂತರು ಊರಾಚೆ ಸೇರುತ್ತಿದ್ದ ಜಾಗ. ಆರು ಹೋಲ್‌ಗಳ ಗಾಲ್ಫ್ ಬಂದದ್ದು 1893ರಲ್ಲಿ. ಮರುವರ್ಷ ಡಿಸೆಂಬರ್‌ನಲ್ಲಿ ಐದು ಕ್ಲಬ್ಬುಗಳು ಸೇರಿ ಅಮೆರಿಕದ ಗಾಲ್ಫ್ ಸಂಘವನ್ನು, ಅಂದರೆ ಯುಎಸ್‌ಜಿಎಯನ್ನು ಕಟ್ಟಿದಾಗ ಅವುಗಳಲ್ಲಿ ಇದೂ ಒಂದು.

ಇಂಥ ಕ್ಲಬ್ಬಿಗೆ ಹಣ ಬರುವ ದಾರಿ ಮುಖ್ಯವಾಗಿ ಮೂರು: ಸೇರುವಾಗ ಕಟ್ಟುವ ಪ್ರವೇಶ ಶುಲ್ಕ, ವರ್ಷದ ಚಂದಾ, ಊಟ ಮತ್ತು ಪಾನೀಯದ ಬಿಲ್ಲು. ಖರ್ಚಿನ ಸ್ವಭಾವ ಬೇರೆ. ನೂರು ಜನ ಆಡಲಿ, ಐನೂರು ಜನ ಆಡಲಿ, ಹುಲ್ಲು ಬೆಳೆಯುವುದು ನಿಲ್ಲುವುದಿಲ್ಲ. ಕತ್ತರಿಸುವ ಯಂತ್ರ, ನೀರು, ಗೊಬ್ಬರ, ಕೆಲಸದವರ ಸಂಬಳ ಯಾವುದೂ ಕಡಿಮೆಯಾಗುವುದಿಲ್ಲ. ಸದಸ್ಯರು ಕಡಿಮೆಯಾದರೆ ಉಳಿದವರ ಚಂದಾ ಏರಿಸಬೇಕು, ಏರಿಸಿದರೆ ಇನ್ನಷ್ಟು ಜನ ಬಿಡುತ್ತಾರೆ. ಕ್ಲಬ್ಬುಗಳು ಮುಳುಗುವುದು ಹೆಚ್ಚಾಗಿ ಈ ಸುಳಿಯಲ್ಲೇ. ಹೊರಗಿನವರಿಗೆ ಮೈದಾನ ಬಾಡಿಗೆಗೆ ಕೊಟ್ಟು ಸರಿದೂಗಿಸೋಣವೆಂದರೆ ಅಲ್ಲೂ ಮಿತಿಯಿದೆ. ಅಮೆರಿಕದ ತೆರಿಗೆ ಕಾಯ್ದೆಯ 501(ಸಿ)(7) ಕಲಮಿನಡಿ ವಿನಾಯಿತಿ ಪಡೆದ ಸಾಮಾಜಿಕ ಕ್ಲಬ್ಬಿಗೆ ಸದಸ್ಯರ ಹೊರತಾಗಿ ಬರುವ ಆದಾಯ ಒಟ್ಟು ಆದಾಯದ ಶೇ 35 ಮೀರಬಾರದು. ಅದರೊಳಗೆ ಹೊರಗಿನವರು ಕ್ಲಬ್ಬಿನ ಸೌಲಭ್ಯ ಬಳಸಿ ಕೊಡುವ ಹಣ ಶೇ 15 ಮೀರಬಾರದು. ಮೀರಿದರೆ ವಿನಾಯಿತಿಗೇ ಕುತ್ತು.

ಆಗಸ್ಟಾ ನ್ಯಾಷನಲ್ ಈ ಚೌಕಟ್ಟಿನಲ್ಲಿಲ್ಲ. ಅದು ಲಾಭಕ್ಕೆ ನಡೆಯುವ ಖಾಸಗಿ ಕಂಪನಿ. ಪಕ್ಕದಲ್ಲೇ, ರೇಸ್ ಕ್ರೀಕ್ ಎಂಬ ತೊರೆಯಾಚೆ, ಆಗಸ್ಟಾ ಕಂಟ್ರಿ ಕ್ಲಬ್ ಎಂಬ ಇನ್ನೊಂದು ಸಂಸ್ಥೆಯಿದೆ. ಶುರುವಾದದ್ದು 1899ರಲ್ಲಿ. ಊರಿನವರು ಸೇರುವ, ಮದುವೆ ಊಟ ನಡೆಯುವ ನಿಜವಾದ ಕಂಟ್ರಿ ಕ್ಲಬ್ ಅದು. ಆಗಸ್ಟಾ ನ್ಯಾಷನಲ್‌ನ ಹೆಸರಿನಲ್ಲೇ ಇರುವಂತೆ ಅದರ ಸದಸ್ಯರು ದೇಶದ ಮೂಲೆಮೂಲೆಯಿಂದ ಬರಬೇಕೆಂಬುದು ಮೊದಲಿನಿಂದಲೂ ಇದ್ದ ಯೋಜನೆ.

ನರ್ಸರಿಯ ನೆಲ

ಈ ಜಾಗ ಮೊದಲು ನೀಲಿ ಗಿಡ ಬೆಳೆಯುತ್ತಿದ್ದ ತೋಟ. ಈಗಿನ ಕ್ಲಬ್ ಹೌಸ್ ಕಟ್ಟಿದ್ದು 1854ರಲ್ಲಿ, ಕಾಂಕ್ರೀಟಿನಲ್ಲಿ. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದು ಅಪರೂಪ. 1857ರಲ್ಲಿ ಬೆಲ್ಜಿಯಂ ಮೂಲದ ಬರ್ಕ್‌ಮನ್ಸ್ ಮನೆತನ ಜಾಗ ಕೊಂಡು ಫ್ರೂಟ್‌ಲ್ಯಾಂಡ್ ನರ್ಸರಿ ಶುರುಮಾಡಿತು. ಹಣ್ಣಿನ ಗಿಡ, ಹೂಗಿಡ, ಅಲಂಕಾರದ ಮರಗಳ ವ್ಯಾಪಾರ. ಅಜೇಲಿಯಾ ಆ ಭಾಗದಲ್ಲಿ ಮನೆಮಾತಾದದ್ದು ಬಹುಮಟ್ಟಿಗೆ ಇವರಿಂದ. ಕ್ಲಬ್ ಹೌಸಿಗೆ ಹೋಗುವ ಸುಮಾರು 330 ಗಜದ ದಾರಿಯ ಇಬ್ಬದಿಯ ಮ್ಯಾಗ್ನೋಲಿಯಾ ಮರಗಳೂ ಅವರು ಬೀಜದಿಂದ ಬೆಳೆಸಿದವೇ. ಒಂದೊಂದು ಹೋಲಿಗೂ ಒಂದೊಂದು ಗಿಡದ ಹೆಸರಿಟ್ಟಿರುವುದಕ್ಕೆ ಕಾರಣ ಈ ನರ್ಸರಿ: 10ನೆಯದು ಕಮೆಲಿಯಾ, 12ನೆಯದು ಗೋಲ್ಡನ್ ಬೆಲ್, 13ನೆಯದು ಅಜೇಲಿಯಾ.

ಮನೆತನದ ಮುಖ್ಯ ಕೈ ಪ್ರಾಸ್ಪರ್ ಬರ್ಕ್‌ಮನ್ಸ್ 1910ರಲ್ಲಿ ತೀರಿಕೊಂಡ ಮೇಲೆ ವ್ಯಾಪಾರ ಕುಗ್ಗಿ 1918ರ ಹೊತ್ತಿಗೆ ನಿಂತಿತು. 1925ರಲ್ಲಿ ಮಯಾಮಿಯ ಹೋಟೆಲ್ ಉದ್ಯಮಿಯೊಬ್ಬ ಇಲ್ಲಿ ಭಾರೀ ಹೋಟೆಲ್ ಎಬ್ಬಿಸಲು ಹೊರಟ. ಮರುವರ್ಷ ಮಯಾಮಿಗೆ ಬಡಿದ ಚಂಡಮಾರುತ ಅವನನ್ನು ದಿವಾಳಿ ಮಾಡಿತು. ಹಾಗೆ ಜಾಗ ಖಾಲಿ ಉಳಿಯಿತು.

1,800ರ ಕನಸು, 76ರ ವಾಸ್ತವ

ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಓಪನ್ (ಎಲ್ಲರಿಗೂ ತೆರೆದದ್ದು) ಹಾಗೂ ಅಮೆಚೂರ್ (ಹವ್ಯಾಸಿಗಳದ್ದು) ಪ್ರಶಸ್ತಿಗಳನ್ನು, ನಾಲ್ಕನ್ನೂ, ಒಂದೇ ವರ್ಷ ಗೆದ್ದು 28ನೇ ವಯಸ್ಸಿಗೇ ಸ್ಪರ್ಧೆಯಿಂದ ನಿವೃತ್ತನಾದ. ಎಲ್ಲಿ ಹೋದರೂ ಜನ ಮುತ್ತುತ್ತಿದ್ದರು. ಗೆಳೆಯರ ಜತೆ ನೆಮ್ಮದಿಯಾಗಿ ಆಡಲು ಅವನಿಗೊಂದು ಜಾಗ ಬೇಕಿತ್ತು. ನ್ಯೂಯಾರ್ಕಿನ ಹಣಕಾಸು ವ್ಯವಹಾರಸ್ಥ ಕ್ಲಿಫರ್ಡ್ ರಾಬರ್ಟ್ಸ್ ಜತೆಗೂಡಿದ. ಆಗ ಆಗಸ್ಟಾ ಊರು ಉತ್ತರದ ಶ್ರೀಮಂತರು ಚಳಿಗಾಲ ಕಳೆಯಲು ಬರುತ್ತಿದ್ದ ತಾಣ. 365 ಎಕರೆಯನ್ನು 70,000 ಡಾಲರಿಗೆ ಕೊಂಡರು.

ಯೋಜನೆಯ ಗಾತ್ರ ನೋಡಿ. 1,800 ಸದಸ್ಯರು, ತಲಾ 350 ಡಾಲರ್ ಪ್ರವೇಶ ಶುಲ್ಕ, ವರ್ಷಕ್ಕೆ 60 ಡಾಲರ್ ಚಂದಾ. ಅಂದರೆ ಪ್ರವೇಶ ಶುಲ್ಕದಿಂದ 6,30,000 ಡಾಲರ್, ಚಂದಾದಿಂದ ವರ್ಷಕ್ಕೆ 1,08,000. ಇದರಲ್ಲಿ ಎರಡು ಮೈದಾನ, ಟೆನಿಸ್ ಅಂಕಣ, ಕುದುರೆ ದಾರಿ, ಸುತ್ತ ಮನೆ ನಿವೇಶನ, ಹಳೆಯ ಕಟ್ಟಡ ಕೆಡವಿ ಹೊಸ ಕ್ಲಬ್ ಹೌಸ್. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. 1934ರ ಹೊತ್ತಿಗೆ ಸೇರಿದವರು 76 ಜನ. ಆ ದರದಲ್ಲೇ ಲೆಕ್ಕ ಹಾಕಿದರೆ ಪ್ರವೇಶ ಶುಲ್ಕ 26,600, ವರ್ಷದ ಚಂದಾ 4,560 ಡಾಲರ್. ಎರಡನೇ ಮೈದಾನದ ಮಾತು ಅಲ್ಲಿಗೆ ಮುಗಿಯಿತು. ಹಳೆಯ ಕ್ಲಬ್ ಹೌಸ್ ಕೆಡವಲೂ ದುಡ್ಡಿರಲಿಲ್ಲ. ಈಗ ಪರಂಪರೆಯ ಗುರುತೆಂದು ಫೋಟೋಗಳಲ್ಲಿ ಮೆರೆಯುವ ಆ ಬಿಳಿ ಕಟ್ಟಡ ಉಳಿದದ್ದು ಬಡತನದಿಂದ. ನಿವೇಶನಗಳು ಮಾರಾಟವಾಗದ್ದೂ ಒಳ್ಳೆಯದೇ ಆಯಿತು. ಫೇರ್‌ವೇಗಳ (ಹೋಲಿನುದ್ದಕ್ಕೂ ಹುಲ್ಲು ಗಿಡ್ಡ ಕತ್ತರಿಸಿದ ದಾರಿ) ಅಂಚಿಗೆ ಮನೆ ಎದ್ದಿದ್ದರೆ ಮುಂದೆ ಟೀಗಳನ್ನು (ಮೊದಲ ಹೊಡೆತದ ಜಾಗ) ಹಿಂದಕ್ಕೆ ಸರಿಸಲು, ಸಾವಿರಾರು ನೋಡುಗರನ್ನು ನಿಲ್ಲಿಸಲು ಜಾಗವೇ ಇರುತ್ತಿರಲಿಲ್ಲ.

ಮೈದಾನದ ನಕ್ಷೆ ಹಾಕಿದ್ದು ಬ್ರಿಟನ್‌ನ ಆಲಿಸ್ಟರ್ ಮೆಕೆಂಜಿ, ವೃತ್ತಿಯಿಂದ ವೈದ್ಯ. ಕ್ಯಾಲಿಫೋರ್ನಿಯಾದ ಸೈಪ್ರೆಸ್ ಪಾಯಿಂಟ್ ಮೈದಾನ ಅವನದೇ; 1929ರಲ್ಲಿ ಅಲ್ಲಿ ಆಡಿದ ಜೋನ್ಸ್ ಮನಸೋತಿದ್ದ. ಮಾತಾಡಿದ ಸಂಭಾವನೆ 10,000 ಡಾಲರ್. ಅದು 5,000ಕ್ಕೆ ಇಳಿದು, ಕೈಗೆ ಸಿಕ್ಕಿದ್ದು 2,000. ಮೊದಲ ಟೂರ್ನಿ ನೋಡುವ ಮೊದಲೇ, 1934ರ ಜನವರಿಯಲ್ಲಿ, ಅವನು ತೀರಿಕೊಂಡ.

ಆ ವರ್ಷ ಮಾರ್ಚ್‌ನಲ್ಲಿ ಆಹ್ವಾನಿತರ ಟೂರ್ನಿ ನಡೆಸಿದರು. ಹಾರ್ಟನ್ ಸ್ಮಿತ್ ಗೆದ್ದು 1,500 ಡಾಲರ್ ಪಡೆದ. ‘ಮಾಸ್ಟರ್ಸ್’ ಎಂಬ ಹೆಸರು ಅಧಿಕೃತವಾದದ್ದು 1939ರಲ್ಲಿ. ದಕ್ಷಿಣದ ಬೇಸ್‌ಬಾಲ್ ತಾಲೀಮು ಶಿಬಿರಗಳಿಂದ ಊರಿಗೆ ಮರಳುತ್ತಿದ್ದ ಪತ್ರಕರ್ತರಿಗೆ ದಾರಿಯಲ್ಲೇ ಸಿಗುವಂತೆ ವಸಂತಕಾಲದ ದಿನಾಂಕ ಇಟ್ಟಿದ್ದು ಜಾಣತನ. ಜಾಹೀರಾತಿಗೆ ಹಣವಿಲ್ಲದ ಕ್ಲಬ್ಬಿಗೆ ಪುಕ್ಕಟೆ ಪ್ರಚಾರ ಸಿಕ್ಕಿತು.

ಎಲ್ಲಿ ಎಡವಿತು, ಹೇಗೆ ತಿದ್ದಿದರು

ಮೆಕೆಂಜಿ ಮತ್ತು ಜೋನ್ಸ್ ಮನಸ್ಸಿನಲ್ಲಿದ್ದದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಅಗಲವಾದ ಫೇರ್‌ವೇ, ಉದ್ದ ಹುಲ್ಲಿನ ಅಂಚೇ ಇಲ್ಲ, ಒಟ್ಟು 22 ಬಂಕರು, ಅಂದರೆ ಮರಳುಗುಂಡಿ, ಮಾತ್ರ. ಕಷ್ಟವೆಲ್ಲ ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲುಹಾಸಿನ, ಏರಿಳಿತದಲ್ಲಿ. ಹೊಸಬ ಎಲ್ಲಿಗೆ ಹೊಡೆದರೂ ಚೆಂಡು ಕಳೆದುಹೋಗದು. ಆದರೆ ಗ್ರೀನಿಗೆ ಸರಿಯಾದ ಕೋನದಿಂದ ಬರಬೇಕೆಂದರೆ ಮೊದಲ ಹೊಡೆತವನ್ನು ಅಪಾಯದ ಬದಿಗೇ ಇಡಬೇಕು. ಈ ಉಪಾಯಕ್ಕೆ ನೆಲ ಗಟ್ಟಿಯಾಗಿ, ಒಣಗಿ, ಚೆಂಡು ಉರುಳುವಂತಿರಬೇಕು. ಸೇಂಟ್ ಆಂಡ್ರ್ಯೂಸ್ ಕಡಲತಡಿಯ ಮರಳು ನೆಲ. ಆಗಸ್ಟಾದ್ದು ಕೆಂಪು ಜೇಡಿ ಬೆರೆತ ಇಳಿಜಾರು. ತಗ್ಗಿನಲ್ಲಿ ನೀರು ನಿಲ್ಲುತ್ತದೆ.

ಮೊದಲ ಪಾಠ ಚಳಿಯದು. ಈಗಿನ 11, 12, 13 ಇರುವ ತಗ್ಗು ಪ್ರದೇಶವೇ ಮೈದಾನದ ಅತಿ ತಣ್ಣಗಿನ ಮೂಲೆ. ಬೆಳಗಿನ ಹಿಮ ಅಲ್ಲಿ ತಡವಾಗಿ ಕರಗುತ್ತದೆ. 1934ರಲ್ಲಿ ಈಗಿನ ಎರಡನೇ ಒಂಬತ್ತು ಹೋಲ್‌ಗಳೇ ಮೊದಲು ಬರುತ್ತಿದ್ದವು, ಹಾಗಾಗಿ ಬೆಳಗಿನ ಆಟ ಆ ಹಿಮಕ್ಕೇ ಸಿಕ್ಕುತ್ತಿತ್ತು. 1935ರಿಂದ ಕ್ರಮ ತಿರುಗಿಸಿದರು. ಕೊನೆಯ ದಿನದ ಸಂಜೆಯ ರೋಚಕತೆಯೆಂದು ಈಗ ಹೊಗಳುವ ಆ ಒಂಬತ್ತು ಹೋಲ್‌ಗಳ ಸ್ಥಾನ ಹೀಗೆ ನಿರ್ಧಾರವಾಯಿತು.

10ನೇ ಹೋಲಿನ ಗ್ರೀನ್ ಮೊದಲು ಇಳಿಜಾರಿನ ತಳದ ತಗ್ಗಿನಲ್ಲಿತ್ತು. ಮೇಲಿನ ನೀರೆಲ್ಲ ಅಲ್ಲಿಗೇ. ಪೆರಿ ಮ್ಯಾಕ್ಸ್‌ವೆಲ್ ಎಂಬ ವಿನ್ಯಾಸಕಾರ 1937ರಲ್ಲಿ ಗ್ರೀನನ್ನು ಹಿಂದಿನ ದಿಬ್ಬಕ್ಕೆ ಸಾಗಿಸಿದ. ಹಳೆಯ ಗ್ರೀನನ್ನು ಕಾಯುತ್ತಿದ್ದ ಭಾರೀ ಬಂಕರನ್ನು ಮಾತ್ರ ಮುಚ್ಚಲಿಲ್ಲ. ಈಗ ಅದು ಫೇರ್‌ವೇ ನಡುವೆ, ಗ್ರೀನಿಗೂ ಸಂಬಂಧವಿಲ್ಲದೆ, ಮೊದಲ ಹೊಡೆತಕ್ಕೂ ಸಿಗದೆ ಬಿದ್ದಿದೆ. ಆಟಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಆದರೆ ಬೆರಳು ಬೆರಳಾಗಿ ಹರಡಿದ ಅದರ ಅಂಚು ಮೆಕೆಂಜಿಯ ಕೈಗುರುತು. ಇಡೀ ಮೈದಾನದಲ್ಲಿ ಅಷ್ಟು ಸ್ಪಷ್ಟವಾಗಿ ಉಳಿದದ್ದು ಅದೊಂದೇ ಎನ್ನಬಹುದು.

16ನೆಯದು ಮೊದಲು ಸಣ್ಣ ತೊರೆ ದಾಟಿಸುವ ಚಿಕ್ಕ ಹೋಲ್. 1947ರಲ್ಲಿ ರಾಬರ್ಟ್ ಟ್ರೆಂಟ್ ಜೋನ್ಸ್ ಎಂಬ ವಿನ್ಯಾಸಕಾರ (ಬಾಬಿ ಜೋನ್ಸ್ ಅಲ್ಲ) ತೊರೆಗೆ ಅಡ್ಡಕಟ್ಟಿ ಕೊಳ ಮಾಡಿ, ಟೀ ಮತ್ತು ಗ್ರೀನ್ ಎರಡನ್ನೂ ಸ್ಥಳಾಂತರಿಸಿದ. 11ನೇ ಗ್ರೀನಿನ ಎಡಗಡೆಯ ಕೊಳವೂ ಹಾಗೆಯೇ ಆಮೇಲೆ ಬಂದದ್ದು. ತೊರೆಯ ಪಕ್ಕ ಗ್ರೀನ್ ಇಟ್ಟರೆ ಪ್ರವಾಹದ ಭಯ ತಪ್ಪಿದ್ದಲ್ಲ. 1990ರ ಅಕ್ಟೋಬರ್ ಮಳೆಗೆ ರೇಸ್ ಕ್ರೀಕ್ ಉಕ್ಕಿ 11ನೇ ಗ್ರೀನನ್ನೇ ಕೊಚ್ಚಿಕೊಂಡು ಹೋಯಿತು. ಮುಂದಿನ ಏಪ್ರಿಲ್ ಒಳಗೆ ಮತ್ತೆ ಕಟ್ಟಿ ನಿಲ್ಲಿಸಿದರು.

ಯುದ್ಧಕಾಲದ ಪ್ರಸಂಗವೊಂದನ್ನು ಬಿಡುವಂತಿಲ್ಲ. 1943ರಿಂದ 1945ರವರೆಗೆ ಟೂರ್ನಿ ಇರಲಿಲ್ಲ, ಕ್ಲಬ್ಬು ಬಹುಪಾಲು ಮುಚ್ಚಿತ್ತು. ಹುಲ್ಲು ಹೇಗೂ ಬೆಳೆಯುತ್ತದಲ್ಲ ಎಂದು ಸುಮಾರು 200 ದನಗಳನ್ನು ಮೈದಾನಕ್ಕೆ ಬಿಟ್ಟರು, ಟರ್ಕಿ ಕೋಳಿ ಸಾಕಿದರು. ಕೋಳಿಯಿಂದ ನಾಲ್ಕು ಕಾಸು ಬಂತು. ದನಗಳು ಹುಲ್ಲಿನ ಜತೆ ಅಜೇಲಿಯಾ ಗಿಡಗಳನ್ನೂ ಮರದ ತೊಗಟೆಯನ್ನೂ ತಿಂದು ನಷ್ಟ ತಂದವು. ಮೈದಾನ ಮತ್ತೆ ಸರಿಪಡಿಸಲು ಪಕ್ಕದ ಸೇನಾ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳನ್ನು ಕರೆತಂದರು.

ಹುಲ್ಲು ಬದಲಾದಾಗ ಎಲ್ಲವೂ ಬದಲಾಯಿತು

ನನ್ನ ಲೆಕ್ಕದಲ್ಲಿ ಈ ಮೈದಾನದ ಚರಿತ್ರೆಯ ಅತಿ ದೊಡ್ಡ ತಿರುವು ಯಾವ ವಿನ್ಯಾಸಕಾರನದೂ ಅಲ್ಲ, ಹುಲ್ಲಿನದು.

ಜಾರ್ಜಿಯಾದಂಥ ಬಿಸಿ ನಾಡಿನಲ್ಲಿ ಸಹಜವಾಗಿ ಬೆಳೆಯುವುದು ಬರ್ಮುಡಾ, ನಮ್ಮ ಗರಿಕೆಯ ಜಾತಿಯದೇ. ಬಿಸಿಲಿದ್ದಷ್ಟೂ ಹಬ್ಬುತ್ತದೆ. ಮಣ್ಣಿನ ತಾಪ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿದರೆ ನಿದ್ದೆಗೆ ಜಾರಿ ಹುಲ್ಲೆಲ್ಲ ಕಂದಾಗುತ್ತದೆ. ಚಳಿಗಾಲದಲ್ಲಿ ಆಡುವ ಕ್ಲಬ್ಬಿಗೆ ಕಂದು ಹುಲ್ಲು ಆಗದು. ಆದ್ದರಿಂದ ಅದರ ಮೇಲೆ ಚಳಿ ಇಷ್ಟಪಡುವ ರೈ ಹುಲ್ಲು ಬಿತ್ತುತ್ತಾರೆ. ಏಪ್ರಿಲ್‌ನಲ್ಲಿ ಟಿವಿಯಲ್ಲಿ ಕಾಣುವ ಫೇರ್‌ವೇ ಹಸಿರೆಲ್ಲ ಈ ಬಿತ್ತಿದ ರೈ. ಕೆಳಗೆ ಬರ್ಮುಡಾ ಇನ್ನೂ ಕಣ್ಣು ಬಿಡುತ್ತಿರುತ್ತದೆ.

ಅಮೆರಿಕದ ದಕ್ಷಿಣದ ಮೈದಾನಗಳಲ್ಲಿ ಈ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಬಿತ್ತನೆಗೆ ಕೆಲವು ವಾರ ಮುಂಚೆ ಸಾರಜನಕ ಗೊಬ್ಬರ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಬರ್ಮುಡಾ ಸೊಕ್ಕಿ ಹೊಸ ಮೊಳಕೆಯನ್ನು ಅಮುಕುತ್ತದೆ. ನಂತರ ಹುಲ್ಲನ್ನು ಗಿಡ್ಡ ಕತ್ತರಿಸಿ, ನಿಂತ ಅಲಗುಗಳ ಯಂತ್ರ ಓಡಿಸಿ ಬೀಜ ಮಣ್ಣಿಗೆ ತಾಗುವಂತೆ ಸಂದು ಮಾಡುತ್ತಾರೆ. ಎಕರೆಗೆ 150ರಿಂದ 200 ಕೆ.ಜಿ. ಬೀಜ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಒಂದೇ ದಿಕ್ಕಿಗೆ ಎರಚಿದರೆ ಪಟ್ಟೆ ಏಳುತ್ತದೆ. ಆಮೇಲೆ ದಿನಕ್ಕೆ ಮೂರು ನಾಲ್ಕು ಬಾರಿ ತೆಳುವಾಗಿ ನೀರು, ವಾರದೊಳಗೆ ಮೊಳಕೆ. ಬೇಗ ಬಿತ್ತಿದರೆ ಬರ್ಮುಡಾ ಜತೆ ಪೈಪೋಟಿ, ಜತೆಗೆ ಬಿಸಿ ಮತ್ತು ತೇವ ಕೂಡಿ ಪಿಥಿಯಂ ಶಿಲೀಂಧ್ರ ತಗುಲಿ ಸಸಿಗಳು ತೇಪೆ ತೇಪೆಯಾಗಿ ಕೊಳೆಯುತ್ತವೆ. ತಡವಾದರೆ ಮಣ್ಣು ತಣ್ಣಗಾಗಿ ಮೊಳಕೆಯೇ ಕುಂಟುತ್ತದೆ.

ಅಸಲಿ ತೊಂದರೆ ವಸಂತದ ಕೊನೆಗೆ. ರೈ ಇನ್ನೂ ಜೋರಾಗಿ ನಿಂತು ನೆರಳು ಹಾಕಿದರೆ ಕೆಳಗಿನ ಬರ್ಮುಡಾಕ್ಕೆ ಬೆಳಕಿಲ್ಲ. ಬಿಸಿಲೇರಿ ರೈ ಒಮ್ಮೆಲೇ ಸತ್ತಾಗ ಅಡಿಯಲ್ಲಿ ಬೋಳು ನೆಲ. ಸಾಮಾನ್ಯ ಕ್ಲಬ್ಬು ಬೇಸಿಗೆಯಿಡೀ ಆಟ ನಡೆಸುತ್ತಲೇ ಇದನ್ನು ನಿಭಾಯಿಸಬೇಕು. ಆಗಸ್ಟಾ ನ್ಯಾಷನಲ್ ಮೇ ಕೊನೆಯ ಹೊತ್ತಿಗೆ ಬಾಗಿಲು ಹಾಕಿದರೆ ತೆಗೆಯುವುದು ಅಕ್ಟೋಬರ್‌ನಲ್ಲಿ. ಚಳಿಗಾಲದ ಕ್ಲಬ್ಬಾಗಿ ಹುಟ್ಟಿದ ಈ ಅಭ್ಯಾಸವೇ ಅದರ ಹುಲ್ಲಿನ ಗುಟ್ಟಿನ ಅರ್ಧ ಪಾಲು. ಬೇರೆ ಕ್ಲಬ್ಬಿನ ಸದಸ್ಯರು ಏಪ್ರಿಲ್‌ನಲ್ಲಿ ಟಿವಿ ನೋಡಿ ‘ನಮ್ಮಲ್ಲೂ ಹಾಗೇ ಮಾಡಿ’ ಎಂದು ಮೈದಾನದ ಮೇಲ್ವಿಚಾರಕನ ಪ್ರಾಣ ಹಿಂಡುವುದಿದೆ. ಐದು ತಿಂಗಳು ಆಟ ನಿಲ್ಲಿಸಲು ಅವರು ಒಪ್ಪುವುದಿಲ್ಲ ಅಷ್ಟೇ.

ಗ್ರೀನುಗಳ ಮೇಲೂ 1980ರವರೆಗೆ ಬರ್ಮುಡಾ, ಮೇಲೆ ರೈ. ಎಲೆ ದಪ್ಪ, ಚೆಂಡು ನಿಧಾನ. ಆ ವರ್ಷದ ಟೂರ್ನಿ ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಬೆಂಟ್ ಹುಲ್ಲು ಹಾಕಿದರು. 1981ರ ಮಾಸ್ಟರ್ಸ್ ನಡೆದದ್ದು ಅದರ ಮೇಲೆ. ಬೆಂಟ್ ಎಲೆ ಎಳೆಯಷ್ಟು ಸಣ್ಣ, 3 ಮಿ.ಮೀ. ಆಸುಪಾಸಿಗೆ ಕತ್ತರಿಸಬಹುದು. ಚೆಂಡು ಗಾಜಿನ ಮೇಲೆ ಓಡಿದಂತೆ ಓಡುತ್ತದೆ.

ಇಲ್ಲಿಂದ ಎರಡು ತಲೆನೋವು ಶುರು. ಮೊದಲನೆಯದು ಇಳಿಜಾರು. ಗ್ರೀನಿನ ವೇಗ ಅಳೆಯುವುದು ಸ್ಟಿಂಪ್‌ಮೀಟರಿನಿಂದ: ಉದ್ದಕ್ಕೂ ತೋಡು ಕೊರೆದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಚೆಂಡಿಟ್ಟು ಅದನ್ನು ನಿಧಾನ ಎತ್ತುತ್ತ ಹೋದರೆ ಸುಮಾರು 20 ಡಿಗ್ರಿಯಲ್ಲಿ ಚೆಂಡು ಜಾರಿ ಉರುಳುತ್ತದೆ. ಸಮತಟ್ಟು ಜಾಗದಲ್ಲಿ ಒಂದು ದಿಕ್ಕಿಗೆ ಮೂರು, ಎದುರು ದಿಕ್ಕಿಗೆ ಮೂರು ಉರುಳಿಸಿ, ಸರಾಸರಿ ಅಡಿಗಳೇ ಆ ಗ್ರೀನಿನ ವೇಗ. ಭೌತಶಾಸ್ತ್ರದ ಸರಳ ಲೆಕ್ಕ ಹಾಕಿ ನೋಡಿ. 8 ಅಡಿ ಉರುಳುವ ಗ್ರೀನಿನಲ್ಲಿ ಶೇ 10ರ ಹತ್ತಿರದ ಇಳಿಜಾರಿನವರೆಗೂ ಚೆಂಡು ಹೇಗೋ ನಿಂತೀತು. 13 ಅಡಿಯ ಗ್ರೀನಿನಲ್ಲಿ ಶೇ 6 ದಾಟಿದರೆ ನಿಲ್ಲುವ ಮಾತೇ ಇಲ್ಲ, ಕೆಳಗೆ ಹೋಗುತ್ತಲೇ ಇರುತ್ತದೆ. ಕುಳಿ ಇಡಲು ಶೇ 3ರೊಳಗಿನ ಜಾಗ ಬೇಕು. ಮೆಕೆಂಜಿ ಏರಿಳಿತ ಕೆತ್ತಿದ್ದು ನಿಧಾನದ ಬರ್ಮುಡಾಕ್ಕೆ. ಹುಲ್ಲು ಬದಲಾದ ಕೂಡಲೇ ಅವನ ಇಳಿಜಾರುಗಳು ಕುಳಿ ಇಡಲಾಗದ ಗೋಡೆಗಳಾದವು. ಆದ್ದರಿಂದ ಹಲವು ಗ್ರೀನುಗಳ ಬೆನ್ನು ತಗ್ಗಿಸಿ, ಚಪ್ಪಟೆ ಜಾಗ ಸೇರಿಸಿ ಮತ್ತೆ ಕಟ್ಟಬೇಕಾಯಿತು. ಮೂಲ ವಿನ್ಯಾಸ ಉಳಿಸಿ ಎಂದು ವಾದಿಸುವವರು ಗ್ರೀನಿನ ವೇಗ ಇಳಿಸಿ ಎಂದೂ ಹೇಳಬೇಕು. ಅದನ್ನು ಹೇಳುವವರು ಕಡಿಮೆ.

ಎರಡನೆಯದು ಬೇರಿನದು. ಬೆಂಟ್ ತಂಪು ನಾಡಿನ ಹುಲ್ಲು. ಬಿಸಿ ಮಣ್ಣಿನಲ್ಲಿ, ಅದರಲ್ಲೂ ನೀರು ನಿಂತರೆ, ಬೇರು ಕುಗ್ಗಿ ಸಾಯುತ್ತದೆ. ಇದಕ್ಕೆ ಉತ್ತರ ನೆಲದಡಿಯ ಕಟ್ಟೋಣದಲ್ಲಿದೆ. ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿ ಮುಂದೆ ತಿದ್ದುತ್ತ ಬಂದ ವಿಧಾನ ಹೀಗೆ: ಗ್ರೀನಿನ ಮೇಲ್ಮೈ ಆಕಾರವನ್ನೇ ಸುಮಾರು 40 ಸೆಂ.ಮೀ. ಕೆಳಗೆ ಅಡಿನೆಲದಲ್ಲಿ ಮೂಡಿಸಬೇಕು. ಅದರಲ್ಲಿ ಕಾಲುವೆ ತೋಡಿ 10 ಸೆಂ.ಮೀ. ವ್ಯಾಸದ ರಂಧ್ರದ ಕೊಳವೆಗಳನ್ನು ಐದು ಮೀಟರ್ ಮೀರದ ಅಂತರದಲ್ಲಿ, ಇಳಿಜಾರಿನಲ್ಲಿ ಇಡಬೇಕು. ಮೇಲೆ 10 ಸೆಂ.ಮೀ. ಜಲ್ಲಿ. ಅದರ ಮೇಲೆ 30 ಸೆಂ.ಮೀ. ಆಯ್ದ ಮರಳಿನ ಮಿಶ್ರಣ. ಸಣ್ಣ ರಂಧ್ರದ ಮರಳಿನಿಂದ ದೊಡ್ಡ ರಂಧ್ರದ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮರಳಿನ ತಳ ಪೂರ್ತಿ ತೋಯ್ದ ಮೇಲೆ ಮಾತ್ರ ಹೆಚ್ಚುವರಿ ನೀರು ಇಳಿದುಬಿಡುತ್ತದೆ. ಹೀಗಾಗಿ ಬೇರಿಗೆ ಬೇಕಾದಷ್ಟು ತೇವ ಉಳಿಯುತ್ತದೆ, ಜಡಿಮಳೆ ಬಂದರೆ ಮೇಲೆ ನಿಲ್ಲುವುದಿಲ್ಲ.

ಕೆಡುವುದು ಚಿಕ್ಕ ಅಜಾಗರೂಕತೆಗಳಿಂದ. ಮರಳಿನ ದಪ್ಪ ಒಂದೆಡೆ 20 ಸೆಂ.ಮೀ. ಆದರೆ ಅಲ್ಲಿ ಸದಾ ಒದ್ದೆ, 40 ಆದರೆ ಬೇಗ ಒಣಗಿ ಹಳದಿ. ಮಣ್ಣು ಮೆತ್ತಿದ ಚಕ್ರದ ಗಾಡಿ ಜಲ್ಲಿಯ ಮೇಲೆ ಓಡಿದರೆ ಅಲ್ಲಿಗೆ ಚರಂಡಿ ಕಟ್ಟಿತು. ವರ್ಷಗಳು ಕಳೆದಂತೆ ಸತ್ತ ಬೇರು, ಕಾಂಡ ಮೇಲಿನ ಪದರದಲ್ಲಿ ಸೇರಿ ಸ್ಪಂಜಾಗುತ್ತದೆ. ಗಾಳಿಯಾಡದೆ ಕೊಳೆತ ಮೊಟ್ಟೆ ವಾಸನೆಯ ಕಪ್ಪು ಪದರ ಮೂಡುತ್ತದೆ. ಆಗ ಟೊಳ್ಳು ಮೊಳೆಯ ಯಂತ್ರದಿಂದ ಬಿಲ್ಲೆ ಬಿಲ್ಲೆಯಾಗಿ ಮಣ್ಣು ತೆಗೆದು ತೂತುಗಳಿಗೆ ಒಣ ಮರಳು ತುಂಬಬೇಕು. ಮುಂಚಿನದಕ್ಕಿಂತ ಬೇರೆ ಗಾತ್ರದ ಮರಳು ತುಂಬಿದರೆ ಹೊಸ ಪದರವಾಗಿ ಮತ್ತೆ ಅದೇ ಕಾಟ.

ಆಗಸ್ಟಾದವರು 1990ರ ದಶಕದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಅಲ್ಲಿನ ಮೈದಾನ ಮೇಲ್ವಿಚಾರಕನಾಗಿದ್ದ ಮಾರ್ಷ್ ಬೆನ್ಸನ್ ಈ ಚರಂಡಿ ಕೊಳವೆಗಳ ತುದಿಗೇ ಗಾಳಿ ಯಂತ್ರ ಜೋಡಿಸಿದ. ಎಳೆದರೆ ಮಣ್ಣಿನ ನೀರು ಸರ್ರನೆ ಕೆಳಗಿಳಿದು ತಾಜಾ ಗಾಳಿ ಬೇರಿಗೆ ತಾಕುತ್ತದೆ. ಊದಿದರೆ ಮಣ್ಣಿನ ತಾಪ ಹದಕ್ಕೆ ಬರುತ್ತದೆ. ಸಬ್‌ಏರ್ ಹೆಸರಿನಲ್ಲಿ ಇದು ಈಗ ಬೇರೆ ಮೈದಾನಗಳಲ್ಲೂ ಇದೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಗಸ್ಟಾದ ಗ್ರೀನುಗಳು ಮತ್ತೆ ಗಟ್ಟಿಯಾಗುವುದು ಈ ಯಂತ್ರದ ದೆಸೆಯಿಂದ. ಮರಗಳ ನೆರಳಿನ 12ನೇ ಗ್ರೀನಿನಡಿ ತಾಪ ಕಾಯಲು ನೀರು ಹರಿಯುವ ಕೊಳವೆಗಳೂ ಇವೆ.

ಬಂಕರಿನ ಬಿಳಿ ಮರಳಿನ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಅದು ಕಡಲದ್ದಲ್ಲ. ಉತ್ತರ ಕೆರೊಲಿನಾದ ಸ್ಪ್ರೂಸ್ ಪೈನ್ ಎಂಬಲ್ಲಿ ಫೆಲ್ಡ್‌ಸ್ಪಾರ್ ಗಣಿಯಲ್ಲಿ ಉಳಿಯುವ ಸ್ಫಟಿಕ ಶಿಲೆಯ ಪುಡಿ, 1970ರ ದಶಕದಿಂದ ಬಳಕೆಯಲ್ಲಿದೆ. ಕಣಗಳು ದುಂಡಗಿರದೆ ಮೂಲೆಮೂಲೆಯಾಗಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ಬಂಕರಿನ ಕಡಿದಾದ ಮುಖದಲ್ಲೂ ಜಾರದೆ ನಿಲ್ಲುತ್ತವೆ.

ಟಿವಿ ದುಡ್ಡು, ಕ್ಲಬ್ಬಿನ ಹಟ

ಸಿಬಿಎಸ್ ವಾಹಿನಿ 1956ರಲ್ಲಿ ಮೊದಲ ಬಾರಿ ಪ್ರಸಾರ ಮಾಡಿದಾಗ ತೋರಿಸಿದ್ದು ಕೊನೆಯ ನಾಲ್ಕು ಹೋಲ್ ಮಾತ್ರ. ಅಂದಿನಿಂದ ಅದೇ ವಾಹಿನಿ, ಒಂದೊಂದು ವರ್ಷದ ಒಪ್ಪಂದ. ದೀರ್ಘ ಒಪ್ಪಂದದಲ್ಲಿ ಒಮ್ಮೆಲೇ ಹೆಚ್ಚು ಹಣ ಸಿಗುತ್ತದೆ, ಆದರೆ ಹಿಡಿತ ಕೈಬಿಡುತ್ತದೆ. ಕ್ಲಬ್ಬು ಹಿಡಿತವನ್ನೇ ಆರಿಸಿಕೊಂಡಿತು. ಗಂಟೆಗೆ ನಾಲ್ಕೇ ನಿಮಿಷ ಜಾಹೀರಾತು ಎಂಬ ಕಟ್ಟುಪಾಡು ಬಂದದ್ದು ಹಾಗೆ. ಮೈದಾನದೊಳಗೆ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ಒಂದೂವರೆ ಡಾಲರಿಗೆ ಸಿಗುವುದೂ ಇದೇ ಧೋರಣೆಯ ಇನ್ನೊಂದು ಮುಖ. ಚಂದಾದ ಹಣದಲ್ಲಿ ನಡೆಯುವ ಕ್ಲಬ್ಬಿಗೆ ಇಂಥ ಠೇಂಕಾರ ಸಾಧ್ಯವಿಲ್ಲ. ಇಲ್ಲಿ ಮನೆ ನಡೆಸುವುದು ಟೂರ್ನಿಯ ಟಿಕೆಟ್ಟು, ಮಳಿಗೆಯ ಟೋಪಿ-ಅಂಗಿ ಮಾರಾಟ ಮತ್ತು ಪ್ರಸಾರ. ಸುಮಾರು 300ರಷ್ಟಿರುವ ಸದಸ್ಯರ ಚಂದಾ ಅದರ ಮುಂದೆ ದೊಡ್ಡ ಬಾಬ್ತಲ್ಲ.

ಯಾರಿಗೆ ಬಾಗಿಲು

ಸೇರಲು ಅರ್ಜಿಯಿಲ್ಲ. ಕ್ಲಬ್ಬೇ ಕರೆಯಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಚಿತ್ರಮಂದಿರಗಳಲ್ಲಿ ಬಣ್ಣದ ಭೇದ ನಿಷೇಧಿಸಿದಾಗ ನಿಜಕ್ಕೂ ಖಾಸಗಿಯಾದ ಕ್ಲಬ್ಬುಗಳನ್ನು ಹೊರಗಿಟ್ಟಿತು. ಆ ಬಿರುಕಿನಲ್ಲೇ ಇಂಥ ಕ್ಲಬ್ಬುಗಳು ದಶಕಗಟ್ಟಲೆ ನಡೆದವು.

ಚಾರ್ಲಿ ಸಿಫರ್ಡ್ ಎಂಬ ಕಪ್ಪು ವರ್ಣೀಯ ಆಟಗಾರ 1967ರಲ್ಲೂ 1969ರಲ್ಲೂ ವೃತ್ತಿಪರ ಟೂರ್ನಿ ಗೆದ್ದ, ಮಾಸ್ಟರ್ಸ್‌ಗೆ ಆಹ್ವಾನ ಬರಲಿಲ್ಲ. ಟೂರ್ನಿ ಗೆದ್ದವರಿಗೆ ತಾನಾಗಿ ಆಹ್ವಾನ ಎಂಬ ನಿಯಮ ಬಂದ ಮೇಲೆ 1975ರಲ್ಲಿ ಲೀ ಎಲ್ಡರ್ ಆಡಿದ. ಅದೇ ಕಾಲದಲ್ಲಿ ಆಟಗಾರರ ಚೀಲ ಹೊರುತ್ತಿದ್ದವರು ಕ್ಲಬ್ಬಿನ ಕಪ್ಪು ವರ್ಣೀಯ ಕ್ಯಾಡಿಗಳೇ. ಸ್ವಂತ ಕ್ಯಾಡಿ ತರಲು ಅವಕಾಶ ಸಿಕ್ಕಿದ್ದು 1983ರಲ್ಲಿ. ಗ್ರೀನುಗಳ ಇಳಿಜಾರು ಅಂಗೈಗೆರೆಯಂತೆ ಬಲ್ಲ ಆ ಕ್ಯಾಡಿಗಳ ಕೆಲಸ ಅಲ್ಲಿಂದ ಕರಗಿತು. ಬದಲಾವಣೆಯ ಈ ಬೆಲೆಯನ್ನು ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ.

1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ಸ್ಥಾಪಕ ತಮ್ಮಲ್ಲಿ ಕಪ್ಪು ವರ್ಣೀಯರನ್ನು ಸೇರಿಸುವುದಿಲ್ಲ ಎಂಬರ್ಥದ ಮಾತಾಡಿದಾಗ ಜಾಹೀರಾತುದಾರರು ಹಿಂದೆ ಸರಿದರು. ಅದೇ ವರ್ಷ ಆಗಸ್ಟಾ ನ್ಯಾಷನಲ್ ತನ್ನ ಮೊದಲ ಕಪ್ಪು ವರ್ಣೀಯ ಸದಸ್ಯನನ್ನು ಸೇರಿಸಿಕೊಂಡಿತು. ಮಹಿಳೆಯರ ವಿಷಯದಲ್ಲಿ 2002ರಲ್ಲಿ ಒತ್ತಡ ಬಂದಾಗ ಮಾತ್ರ ಕ್ಲಬ್ಬು ಮಣಿಯಲಿಲ್ಲ. ಪ್ರಾಯೋಜಕರಿಗೆ ಮುಜುಗರ ಬೇಡವೆಂದು 2003 ಮತ್ತು 2004ರ ಪ್ರಸಾರವನ್ನು ಜಾಹೀರಾತೇ ಇಲ್ಲದೆ ನಡೆಸಿತು. ಹೊರಗಿನ ಹಣದ ಹಂಗಿಲ್ಲದಿದ್ದರೆ ಹೊರಗಿನ ಒತ್ತಡವೂ ನಾಟುವುದಿಲ್ಲ. ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ಮತ್ತು ಉದ್ಯಮಿ ಡಾರ್ಲಾ ಮೂರ್ ಮೊದಲ ಮಹಿಳಾ ಸದಸ್ಯರಾದದ್ದು 2012ರ ಆಗಸ್ಟ್‌ನಲ್ಲಿ.

ಉದ್ದದ ಓಟ

1934ರಲ್ಲಿ ಮೈದಾನದ ಉದ್ದ ಸುಮಾರು 6,700 ಗಜ. ಆರು ದಶಕ ಕಳೆದರೂ 6,925. ಆ ಅಳತೆಯಲ್ಲಿ 1997ರಲ್ಲಿ ಟೈಗರ್ ವುಡ್ಸ್ 270 ಹೊಡೆತಗಳಲ್ಲಿ ಮುಗಿಸಿ 12 ಹೊಡೆತಗಳ ಅಂತರದಿಂದ ಗೆದ್ದ. ಆಮೇಲೆ ವಿನ್ಯಾಸಕಾರ ಟಾಮ್ ಫಾಜಿಯೊ ಕೈಯಲ್ಲಿ ಸುದೀರ್ಘ ತಿದ್ದುಪಡಿ. 1999ರಲ್ಲಿ ಫೇರ್‌ವೇ ಅಂಚಿಗೆ ಮೊದಲ ಬಾರಿ ತುಸು ಉದ್ದ ಹುಲ್ಲು ಬಿಟ್ಟರು, ಅಲ್ಲಲ್ಲಿ ಪೈನ್ ಮರ ನೆಟ್ಟರು. 2002ಕ್ಕೆ ಉದ್ದ 7,270 ಗಜ, 2006ಕ್ಕೆ 7,445, 2024ಕ್ಕೆ 7,555. ಹುಲ್ಲು ಉದ್ದ ಬಿಟ್ಟಾಗ ಚೆಂಡು ಮರಗಳ ಕಡೆ ಉರುಳದೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ದಾರಿ ತಪ್ಪಿದ ಹೊಡೆತಕ್ಕೆ ಕೆಲವೊಮ್ಮೆ ಶಿಕ್ಷೆಗಿಂತ ಲಾಭವೇ ಹೆಚ್ಚು.

13ನೇ ಹೋಲಿನದು ಬೇರೆಯದೇ ಸಮಸ್ಯೆ. ಎಡಕ್ಕೆ ಬಾಗುವ ಈ ಹೋಲಿನಲ್ಲಿ ಮೂಲೆ ಸುತ್ತಿಸಿ ಹೊಡೆದವನು ಎರಡನೇ ಹೊಡೆತದಲ್ಲಿ ತೊರೆ ದಾಟಿಸಿ ಗ್ರೀನ್ ಸೇರಬಹುದು. ಕಾಲಡಿ ಇಳಿಜಾರು, ಕೈಯಲ್ಲಿ ದೂರದ ಹೊಡೆತದ ಉದ್ದ ಕ್ಲಬ್ಬು (ಗಾಲ್ಫ್ ದಾಂಡು), ಎದುರಿಗೆ ನೀರು. ಈಗಿನ ಆಟಗಾರರು ಮರಗಳ ಮೇಲಿಂದಲೇ ಹಾರಿಸಿ ಹತ್ತಿರದ ಹೊಡೆತದ ದಾಂಡಾದ ಚಿಕ್ಕ ಐರನ್ನಿನಲ್ಲಿ ಗ್ರೀನಿಗೆ ಹೊಡೆಯತೊಡಗಿದರು. ಟೀ ಹಿಂದಕ್ಕೆ ಸರಿಸೋಣವೆಂದರೆ ಹಿಂದಿರುವುದು ಪಕ್ಕದ ಕಂಟ್ರಿ ಕ್ಲಬ್ಬಿನ ಜಾಗ. 2017ರಲ್ಲಿ ಅದರ ಒಂದು ತುಂಡನ್ನು ಕೊಂಡು, 2023ರ ಟೂರ್ನಿಗೆ ಟೀಯನ್ನು 35 ಗಜ ಹಿಂದಿಟ್ಟರು: 510 ಇದ್ದದ್ದು 545 ಆಯಿತು.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಹಲವಾರು ದೊಡ್ಡ ಮರಗಳನ್ನು ಉರುಳಿಸಿತು. 2025ರ ಏಪ್ರಿಲ್‌ನಲ್ಲಿ ಟೂರ್ನಿ ನಿಗದಿಯಂತೆಯೇ ನಡೆಯಿತು. ಮರ ಬಿದ್ದಲ್ಲಿ ಬೆಳಕು ಹೆಚ್ಚಿದರೆ ಗ್ರೀನಿನ ಹುಲ್ಲಿಗೆ ಒಳ್ಳೆಯದು, ಗಾಳಿಯ ಲೆಕ್ಕ ಮಾತ್ರ ಆಟಗಾರರು ಹೊಸದಾಗಿ ಕಲಿಯಬೇಕು. ಇತ್ತ ಯುಎಸ್‌ಜಿಎ ಮತ್ತು ಬ್ರಿಟನ್‌ನ ಆರ್ ಆ್ಯಂಡ್ ಎ, ಅಂದರೆ ಗಾಲ್ಫಿನ ನಿಯಮ ರೂಪಿಸುವ ಸಂಸ್ಥೆಗಳು, ಚೆಂಡಿನ ಪರೀಕ್ಷೆಯನ್ನು ಗಂಟೆಗೆ 125 ಮೈಲಿ ದಾಂಡು ಬೀಸುವ ವೇಗಕ್ಕೆ ಏರಿಸಿ (ಆ ವೇಗದಲ್ಲೂ ಚೆಂಡು ದೂರದ ಮಿತಿ ಮೀರಬಾರದು) ಚೆಂಡು ಹೋಗುವ ದೂರ ತಗ್ಗಿಸುವ ನಿರ್ಧಾರವನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಗಟ್ಟಿ ಹೊಡೆತಗಾರರಿಗೆ ಇದರಿಂದ ಹತ್ತು ಹದಿನೈದು ಗಜ ಕಡಿಮೆಯಾದೀತು. 13ನೇ ಟೀಗೆ ಕೊಂಡು ಸೇರಿಸಿದ ಉದ್ದದ ಅರ್ಧಕ್ಕೂ ಅದು ಸಾಲದು.